ಚಿಗವ್ವನ ಹನ್ನೊಂದು ಪಟ

ಸೂಜಿ, ದಾರ, ಗುಂಡಿ ಹಾಕಿಡುವ ನನ್ನ ತಗಡಿನ ಡಬ್ಬಿಯ ಮುಚ್ಚಳದ ಮೇಲೆ ಒಬ್ಬ ಹುಡುಗಿಯ ಚಿತ್ರವಿದೆ. ತುಕ್ಕು ತಿಂದು ಅವಳ ಒಂದು ಭುಜ ಹೋಗಿದೆ. ಹೋದ ರಜೆಯಲ್ಲಿ ನೀವು ಮೂವರೂ ಅದನ್ನು ಎತ್ತಿಕೊಂಡು ಬಂದು, "ಅಜ್ಜೀ, ಇದು ಲಕ್ಷ್ಮಿಯೋ ಗೌರಿಯೋ?" ಎಂದು ಕೇಳಿದಿರಿ. ಲಕ್ಷ್ಮಿ ಎಂದುಬಿಟ್ಟೆ. ಅದು ಸುಳ್ಳು. ನಿಜ ಹೇಳಲು ಹೊರಟರೆ ಬಹಳ ಹೊತ್ತು ಮಾತಾಡಬೇಕಾಗಿತ್ತು. ಅಷ್ಟು ಹೊತ್ತು ಮಾತಾಡಲು ನನಗೆ ನಿಮ್ಮೆದುರಿಗೂ ನಾಚಿಕೆ.

ಈಗ ಕಂಪ್ಲಿಯಿಂದ ಒಂದು ಕಾರ್ಡು ಬಂದಿದೆ. ಆ ಡಬ್ಬಿಯನ್ನು ನನಗೆ ಕೊಟ್ಟವಳು ತನ್ನ ತಂಗಿಯ ಮನೆಯಲ್ಲಿ ತೀರಿಕೊಂಡಳಂತೆ. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲವಂತೆ. ಕಾರ್ಡನ್ನು ಎರಡು ಸಲ ಓದಿ ಡಬ್ಬಿಯೊಳಗೇ ಇಟ್ಟೆ. ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಹೆಸರು ನಾನು ಬರೆಯುವುದಿಲ್ಲ. ಓಣಿಯವರೆಲ್ಲ ಅವಳನ್ನು ಚಿಗವ್ವ ಎನ್ನುತ್ತಿದ್ದರು. ಯಾರಿಗೂ ಅವಳು ತಾಯಿಯ ತಂಗಿಯಲ್ಲ, ಎಲ್ಲರಿಗೂ ಚಿಗವ್ವ. ಹೊಸಪೇಟೆಯಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಗೋಡೆಯ ಆಚೆ ಅವರ ಒಲೆಗಳು. ಗಂಡ ಹೆಂಡತಿ ಇಬ್ಬರೂ ಸೇರಿ ಬೆಂಡು, ಬತ್ತಾಸು ಮಾಡುತ್ತಿದ್ದರು. ಗೌರಿ ಹುಣ್ಣಿಮೆ ಹತ್ತಿರ ಬಂದರೆ ಸಕ್ಕರೆ ಆರತಿಯ ಗೊಂಬೆ ಹೊಯ್ಯುತ್ತಿದ್ದರು. ನೀವು ಈಗ ಅಂಗಡಿಯಲ್ಲಿ ನೋಡುವ ಗೊಂಬೆಗಳಲ್ಲ. ಮರದ ಅಚ್ಚನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ, ಎರಡು ಹೋಳನ್ನೂ ಜೋಡಿಸಿ ದಾರ ಸುತ್ತಿ, ಬಿಸಿ ಪಾಕ ಹೊಯ್ದು, ಸರಿಯಾದ ಗಳಿಗೆ ನೋಡಿ ಬಿಚ್ಚಬೇಕು. ಅವಸರ ಮಾಡಿದರೆ ಬಸವಣ್ಣನ ಕೋಡು ಅಚ್ಚಿನಲ್ಲೇ ಉಳಿಯುತ್ತದೆ. ಆ ದಿನಗಳಲ್ಲಿ ನಮ್ಮ ಹಿತ್ತಲಿನ ಗಾಳಿಯೇ ಸಿಹಿಯಾಗಿರುತ್ತಿತ್ತು. ಒಣಹಾಕಿದ ಸೀರೆಗೂ ಆ ವಾಸನೆ ಹಿಡಿಯುತ್ತಿತ್ತು.

ಚಿಗವ್ವ ಎತ್ತರದ ಹೆಂಗಸು. ಅವಳ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ದಿನಾ ಬಿಸಿ ಪಾಕವನ್ನು ಆ ಎರಡು ಬೆರಳಿನಲ್ಲಿ ಹಿಡಿದು ಎಳೆದು ನೋಡಿ ಅವು ನುಣ್ಣಗಾಗಿ ಹೋಗಿದ್ದವು. ಪಾಕ ದಾರದ ಹಾಗೆ ಎಳೆಯಾಗಿ ಬಂದರೆ ಹದ ಬಂತೆಂದು ಅರ್ಥ. ಅವಳ ಬಾಯಲ್ಲಿ ಎಲ್ಲದಕ್ಕೂ ಅದೇ ಮಾತು. ಹೆಣ್ಣು ನೋಡಲು ಬಂದವರು ಒಪ್ಪಲಿಲ್ಲವೆಂದರೆ, "ಇನ್ನೂ ಎಳಿ ಬಂದಿಲ್ಲ, ತಡಿ." ಮಳೆ ಬರದಿದ್ದರೆ, "ಮುಗಿಲಿಗೆ ಎಳಿ ಬಂದಿಲ್ಲ." ಮನಸ್ಸಿಗೆ ಒಪ್ಪಿದರೆ ಎರಡು ಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ಅಗಲಿಸಿ, "ಎಳಿ ಬಂತು" ಎನ್ನುತ್ತಿದ್ದಳು.

ನಾನು ಮಲಪನಗುಡಿಯವಳು. ಅಲ್ಲಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದೆ. ನಮ್ಮ ಐಗಳು ಗಟ್ಟಿಯಾಗಿ ಕೂಗಿ ಓದಿದರೆ ಮಾತ್ರ ಓದು ಎನ್ನುತ್ತಿದ್ದರು. ಹಾಗಾಗಿ ಮನಸ್ಸಿನಲ್ಲೇ ಓದಿಕೊಳ್ಳುವುದು ನನಗೆ ಬರುತ್ತಿರಲಿಲ್ಲ. ಬಾಯಿ ಮುಚ್ಚಿದರೆ ಕಣ್ಣೂ ನಿಂತುಬಿಡುತ್ತಿತ್ತು. ಮದುವೆಯಾಗಿ ಹೊಸಪೇಟೆಗೆ ಬಂದಾಗ ನನಗೆ ಹದಿನೈದು. ನಿಮ್ಮ ತಾತ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಹೆಂಡತಿಗೆ ಓದು ಬರುತ್ತದೆಂಬುದು ಅವರಿಗೆ ಒಳಗೊಳಗೇ ಹೆಮ್ಮೆ. ಸ್ಟೇಷನ್ನಿನ ದಾರಿಯಲ್ಲಿ ಸ್ಲೇಟು, ಪಂಚಾಂಗ ಮಾರುವ ಅಂಗಡಿಯೊಂದಿತ್ತು. ಒಂದು ದಿನ ಅಲ್ಲಿಂದ ಅಂಗೈಯಗಲದ ಪುಸ್ತಕವೊಂದನ್ನು ತಂದು, "ನಿನ್ನ ಗೆಳತಿ ರೈಲಿಳಿದು ಬಂದಾಳ, ನೋಡು" ಎಂದು ಕೊಟ್ಟರು.

ಪುಸ್ತಕದ ಹುಡುಗಿಯ ಹೆಸರು ತುಂಗಲೇಖೆ. ಕೂಸಾಗಿದ್ದಾಗಲೇ ಹರಿಗೋಲೊಂದರಲ್ಲಿ ತೇಲಿಬಂದವಳು. ಕಣ್ಣು ಕಾಣದ ಮುದುಕ ಅಂಬಿಗನೊಬ್ಬ ಅವಳನ್ನು ಸಾಕಿದ. ಅವಳ ತಾಯಿಯ ಊರು ಮಳೆಗಾಲದಲ್ಲಿ ನೀರಿನೊಳಗೆ ಮುಳುಗಿ, ಬೇಸಿಗೆಯಲ್ಲಿ ಮೇಲೇಳುತ್ತದಂತೆ. ಆ ಊರನ್ನು ಹುಡುಕುತ್ತ ಅವಳು ಹೊಳೆಯುದ್ದಕ್ಕೂ ಹೋಗುತ್ತಾಳೆ. ಒಂದೊಂದು ಪುಸ್ತಕಕ್ಕೆ ಒಂದೊಂದು ದಡ. ಒಟ್ಟು ಹನ್ನೆರಡು ಪುಸ್ತಕಗಳ ಮಾಲೆ ಎಂದು ಹೊದಿಕೆಯ ಮೇಲೆ ಹಾಕಿದ್ದರು.

ಅತ್ತೆ ಮಲಗಿದ ಮೇಲೆ ಹಿತ್ತಲಿನ ನುಗ್ಗೆಮರದ ಕೆಳಗೆ ಕೂತು ಓದುತ್ತಿದ್ದೆ. ದನಿ ತಗ್ಗಿಸಿಯೇ ಓದುತ್ತಿದ್ದೆನೆಂದು ನನ್ನ ಭಾವನೆ. ಮೂರನೆಯ ದಿನ ಗೋಡೆಯ ಆಚೆಯಿಂದ ಒಂದು ದನಿ ಕೇಳಿತು.

"ಯಾರವ್ವ ಅದು, ಸುಳಿಗೆ ಸಿಕ್ಕಾಕಿ?"

ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. "ಯಾರೂ ಇಲ್ಲರಿ" ಎಂದೆ.

"ಈಗ ನೀನ ಹೇಳಿದೆಲ್ಲ, ಹರಿಗೋಲು ಗರಗರ ತಿರುಗಾಕತ್ತೈತಿ, ಹುಡುಗಿ ಕೈಯಾಗ ಹುಟ್ಟಿಲ್ಲ ಅಂತ. ಯಾರ ಮನಿ ಹುಡುಗಿ?"

"ಪುಸ್ತಕದಾಗಿನ ಹುಡುಗಿರಿ."

ಆಚೆಯ ದನಿ, "ಆದ್ರೇನಾತು? ದಂಡಿಗೆ ಬಂದ್ಲೋ ಇಲ್ಲೋ, ಅಷ್ಟು ಹೇಳಿ ಒಳಗ ಹೋಗು" ಎಂದಿತು.

ಹೀಗೆ ಶುರುವಾಯಿತು. ಮರುದಿನದಿಂದ ಅವಳು ಪಾಕದ ಕಡಾಯಿಯನ್ನು ಗೋಡೆಯ ಹತ್ತಿರದ ಒಲೆಗೇ ಏರಿಸತೊಡಗಿದಳು. ಕೆಲವು ದಿನಗಳಾದ ಮೇಲೆ ನಾನೇ ಅವರ ಹಿತ್ತಲಿಗೆ ಹೋಗಿ ಕೂತು ಓದತೊಡಗಿದೆ. ಹಬೆಯ ನಡುವೆ ಅವಳ ಮುಖ ಕಂಡೂ ಕಾಣದ ಹಾಗೆ ಇರುತ್ತಿತ್ತು. ನನಗೆ ಅದೇ ಅನುಕೂಲ. ಎದುರಿಗೆ ಯಾರಾದರೂ ಕಣ್ಣಿಟ್ಟು ನೋಡಿದರೆ ನನ್ನ ನಾಲಗೆ ತೊಡರುತ್ತದೆ. ಹಬೆಗೆ ಓದಿ ಹೇಳುವುದು ಸುಲಭ. ಆ ಮಧ್ಯಾಹ್ನಗಳು ಈಗಲೂ ನನಗೆ ಕನಸಿನಲ್ಲಿ ಬರುತ್ತವೆ. ಕಡಾಯಿಯಲ್ಲಿ ಪಾಕ ಬುಳುಬುಳು ಎನ್ನುತ್ತಿರುತ್ತದೆ. ಅದು ಪಾಕವೋ, ತುಂಗಲೇಖೆಯ ಹೊಳೆಯೋ ಎಂದು ಕನಸಿನಲ್ಲಿ ಗೊತ್ತಾಗುವುದಿಲ್ಲ.

"ರಿ ಅನ್ನಬ್ಯಾಡ ನನಗ" ಎಂದು ಅವಳು ಒಂದು ದಿನ ಹೇಳಿದಳು. "ಹೊಳ್ಯಾಗ ಕೂಡಿ ಹೊಂಟೀವಿ. ಹರಿಗೋಲಿನಾಗ ರಿ ಅಂದ್ರ ಭಾರ ಆಗ್ತತಿ."

ಪ್ರತಿ ಪುಸ್ತಕದೊಳಗೂ ಒಂದು ಬಣ್ಣದ ಪಟ ಇಡುತ್ತಿದ್ದರು, ಇಸ್ಪೀಟು ಎಲೆಗಿಂತ ಸ್ವಲ್ಪ ದೊಡ್ಡದು. ಮೊದಲನೆಯ ಪಟ ನೋಡಿ ನನಗೆ ಅಳುವೇ ಬಂತು. ಪುಸ್ತಕದಲ್ಲಿ ತುಂಗಲೇಖೆ ಕಪ್ಪು ಹುಡುಗಿ, ಹೊಳೆಯ ಕಲ್ಲಿನಂಥ ಮೈಬಣ್ಣ, ಎಣ್ಣೆ ಕಾಣದ ತಲೆ. ಪಟದಲ್ಲಿ ಅವಳು ಹಾಲಿನಷ್ಟು ಬೆಳ್ಳಗಿದ್ದಳು. ಕೆನ್ನೆಗೆ ಗುಲಾಬಿ ಬಣ್ಣ, ಕೊರಳು ತುಂಬ ಬಂಗಾರ. ನಾನು ಪಟವನ್ನು ಚಿಗವ್ವನ ಕೈಗೆ ಕೊಟ್ಟು, "ನೀನ ಇಟ್ಕೊ. ಇಕಿ ನಮ್ಮಾಕಿ ಅಲ್ಲ. ಹುಟ್ಟು ಹಾಕಾಕಿಗೆ ಇಷ್ಟು ಬಂಗಾರ ಯಾಕ?" ಎಂದೆ.

ಅವಳು ಎರಡೂ ಕೈ ಸೆರಗಿಗೆ ಒರೆಸಿಕೊಂಡು ಪಟ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. "ಹಾಕ್ಕೊಳ್ಲಿ ಬಿಡು ಪಾಪ, ತಾಯಿಲ್ಲದ ಹುಡುಗಿ" ಎಂದಳು. ಆಮೇಲೆ ಹೇಳಿದಳು, "ನೀ ಓದಿದಾಕಿ. ಕಣ್ಣು ಮುಚ್ಚಿದ್ರ ನಿನಗ ಕಾಣ್ತಾಳ. ನಾ ಕಣ್ಣು ಮುಚ್ಚಿದ್ರ ಕಡಾಯಿ ಕಾಣ್ತತಿ. ನನಗ ಒಬ್ರು ಬರ್ದು ತೋರಸ್ಬೇಕು."

ಆ ಮೊದಲ ಪಟವನ್ನು ಅವಳು ದೇವರ ಗೂಡಿನಲ್ಲಿಟ್ಟು, ಹಣೆಗೆ ಕುಂಕುಮ ಹಚ್ಚಿದಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಹಣೆಯಲ್ಲಿ ಹೇಗೆ ಇಡುವುದು ಎಂದಳು. ದಿನಾ ಬೆಳಿಗ್ಗೆ ದೇವರಿಗೆ ಹಚ್ಚಿದ ಮೇಲೆ ಅವಳಿಗೂ ಒಂದು ಬೊಟ್ಟು. ಉಳಿದ ಪಟಗಳಿಗೆಂದು ಒಲೆಯ ಎದುರಿನ ಗೋಡೆಗೆ ಬಿದಿರಿನ ಪಟ್ಟಿ ಹೊಡೆಸಿ, ಬಂದ ಹಾಗೆ ಒಂದೊಂದನ್ನೇ ಅದರಲ್ಲಿ ಸಿಕ್ಕಿಸಿದಳು. ನಾನು ಇಲ್ಲದಾಗ ಅವುಗಳ ಮುಂದೆ ನಿಂತು ಪಟ ಮುಟ್ಟುತ್ತ ಮುಟ್ಟುತ್ತ ಕಥೆಯನ್ನು ತನಗೆ ತಾನೇ ಹೇಳಿಕೊಳ್ಳುವುದನ್ನು ಗೋಡೆಯ ಈಚೆಯಿಂದ ಎಷ್ಟೋ ಸಲ ಇಣುಕಿ ನೋಡಿದ್ದೇನೆ, ಕೇಳಿದ್ದೇನೆ. ನನ್ನ ಒಂದು ಸಾಲೂ ಬಿಡುತ್ತಿರಲಿಲ್ಲ. ನಾನು ತಪ್ಪು ಓದಿದ್ದ ಕಡೆಯೂ ಹಾಗೇ ಹೇಳುತ್ತಿದ್ದಳು.

ಆಮೇಲೆ ಬಂದವು ನೋಡಿ, ತುಂಗಲೇಖೆಯ ಸಾಮಾನುಗಳು. ಪುಸ್ತಕ ಹಾಕುತ್ತಿದ್ದ ಪ್ರೆಸ್ಸಿನವರು ಯಾರ ಯಾರ ಜೊತೆ ಮಾತಾಡಿಕೊಂಡರೋ, ಅವಳ ಮುಖ ಬೀಸಣಿಕೆಯ ಮೇಲೆ ಬಂತು, ಕ್ಯಾಲೆಂಡರಿನ ಮೇಲೆ ಬಂತು, ಕುಂಕುಮದ ಭರಣಿಯ ಮೇಲೆ ಬಂತು. ಕಡೆಗೆ ತಲೆಗೆ ಹಚ್ಚುವ ಎಣ್ಣೆಯ ಸೀಸೆಯ ಮೇಲೂ ಬಂತು. "ಜನ್ಮದಾಗ ಎಣ್ಣಿ ಹಚ್ಚದಾಕಿ ಈಗ ಎಣ್ಣಿ ಮಾರಾಕತ್ತಾಳ" ಎಂದು ನಾನು ಸಿಟ್ಟು ಮಾಡಿದೆ. ಚಿಗವ್ವ ಎಲ್ಲವನ್ನೂ ಕೊಂಡಳು. ಎಣ್ಣೆಯನ್ನು ಗಂಡನ ಮೊಣಕಾಲಿಗೆ ತಿಕ್ಕಿ ಸೀಸೆಯನ್ನು ತೊಳೆದಿಟ್ಟಳು. ಅವಳ ಮುಖವಿದ್ದ ಈ ತಗಡಿನ ಡಬ್ಬಿಯನ್ನಂತೂ ಎಲ್ಲಿ ಹೋದರೂ ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದಳು.

ಅವಳ ಗಂಡ ಮಾತು ಕಡಿಮೆಯ ಮನುಷ್ಯ. ಒಂದು ದಿನ ಬತ್ತಾಸಿನ ತಟ್ಟೆ ಎತ್ತುತ್ತ ನಿಮ್ಮ ತಾತನಿಗೆ ಹೇಳಿದ, "ನನಗ ಇಬ್ರು ಹೆಂಡ್ರು ನೋಡಪ. ಒಬ್ಬಾಕಿ ಬೈತಾಳ, ಒಬ್ಬಾಕಿ ತಗಡಿನ ಮ್ಯಾಲೆ ಕುಂತು ನಗ್ತಾಳ."

"ತಗಡಿನಾಕೀನ ಇಟ್ಕೊ, ನಾ ಕಂಪ್ಲಿಗೆ ಹೊಕ್ಕೀನಿ" ಎಂದಳು ಚಿಗವ್ವ ಒಲೆಯ ಮುಂದಿನಿಂದ.

"ಆಕಿಗೆ ಪಾಕ ತಿರುವಾಕ ಬರಂಗಿಲ್ಲಲ್ಲ."

ನಾನು ಮಾತ್ರ ಇದೆಲ್ಲದರ ಮೇಲೆ ಮೂಗು ಮುರಿಯುತ್ತಿದ್ದೆ. ಓದುವವಳು ನಾನು, ಸಾಮಾನು ಕೂಡಿಹಾಕುವವಳು ಅವಳು ಎಂಬ ಒಂದು ಸಣ್ಣ ಜಂಬ ನನಗಿತ್ತು. ಆದರೂ ನಿಮ್ಮ ತಾತ ಒಂದು ಸಲ ಅಂಗೈಯೊಳಗೆ ಹಿಡಿಸುವಂಥ ಗುಂಡನೆಯ ಕನ್ನಡಿ ತಂದುಕೊಟ್ಟರು. ಅದರ ಹಿಂಬದಿಗೆ ತುಂಗಲೇಖೆ. "ಇದೇನು ಹುಡುಗಾಟ, ಹೊಳ್ಳಿ ಕೊಟ್ಟು ಬರ್ರಿ" ಎಂದು ಬಾಯಲ್ಲಿ ಅಂದೆ. ಅಂದವಳು ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೆ. ಚಿಗವ್ವನಿಗೂ ತೋರಿಸಲಿಲ್ಲ. ತುಂಗಲೇಖೆಯ ಆ ಬೆಳ್ಳನೆಯ ಮುಖ ನನಗೆ ಹಿಡಿಸುತ್ತಿರಲಿಲ್ಲ, ಆದರೆ ಅದು ನನ್ನ ಹತ್ತಿರ ಇಲ್ಲದೆಯೂ ಇರಲಾಗುತ್ತಿರಲಿಲ್ಲ. ಯಾಕೆಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಏಳನೆಯ ಪುಸ್ತಕ ಮುಗಿದ ಹೊತ್ತಿಗೆ ಒಂದು ಸೋಮವಾರ ಎರಡೂ ಮನೆಯವರು ಕೂಡಿ ಗಾಡಿ ಕಟ್ಟಿಕೊಂಡು ಹಂಪಿಗೆ ಹೋದೆವು. ವಿರೂಪಾಕ್ಷನ ದರ್ಶನ ಮುಗಿದ ಮೇಲೆ ಗಂಡಸರು ಕಲ್ಲುಮಂಟಪದ ನೆರಳಿನಲ್ಲಿ ಅಡ್ಡಾದರು. ಚಿಗವ್ವ ನನ್ನ ಕೈ ಹಿಡಿದು ಹೊಳೆಗೆ ನಡೆದಳು. ಅಷ್ಟು ವರ್ಷ ಹೊಸಪೇಟೆಯಲ್ಲಿದ್ದರೂ ಅವಳು ಹರಿಗೋಲು ಹತ್ತಿದವಳಲ್ಲ. ಇಬ್ಬರೂ ಹತ್ತಿ ಕುಕ್ಕರಗಾಲಿನಲ್ಲಿ ಕೂತೆವು. ದಡ ಬಿಟ್ಟ ಮೇಲೆ ಅವಳು ಅಂಬಿಗನನ್ನು ಕೇಳಿದಳು.

"ಯಪ್ಪಾ, ಈ ಕಡೆ ತುಂಗಲೇಖಿ ಅಂತ ಹುಡುಗಿ ಬಂದಿದ್ಲೇನು?"

"ಯಾವೂರಾಕಿಬೇ?"

"ಅದ ಗೊತ್ತಿಲ್ಲ ನೋಡು. ಹುಡುಕಾಕತ್ತಾಳ."

ಅಂಬಿಗ ಹುಟ್ಟು ಎತ್ತಿ ಹಿಡಿದು ಯೋಚನೆ ಮಾಡಿದ. "ಬಾಡಿಗಿ ಕೊಡದ ಹೋದಾಕಿ ಆದ್ರ ನೆನಪಿರ್ತಿತ್ತು. ಹಂಗ ಯಾರೂ ಹೋಗಿಲ್ಲ."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಚಿಗವ್ವ ನಗಲಿಲ್ಲ. ಹರಿಗೋಲನ್ನು ಒಂದು ಸಲ ತಿರುಗಿಸು ಎಂದು ಅವನನ್ನು ಕೇಳಿಕೊಂಡಳು. ಅವನು ತಿರುಗಿಸಿದ. ಬಂಡೆಗಳು, ಗೋಪುರ, ಬಾಳೆಯ ತೋಟ, ಮತ್ತೆ ಬಂಡೆಗಳು, ಎಲ್ಲ ನಮ್ಮ ಸುತ್ತ ತೇಲಿದವು. ನಾವು ನಿಂತೇ ಇದ್ದೇವೆ, ಲೋಕವೇ ನಮ್ಮನ್ನು ಪ್ರದಕ್ಷಿಣೆ ಹಾಕುತ್ತಿದೆ ಎನ್ನಿಸಿತು. ಚಿಗವ್ವ ಕಣ್ಣು ಮುಚ್ಚಿದ್ದಳು. ದಡಕ್ಕೆ ಬಂದ ಮೇಲೂ ಸ್ವಲ್ಪ ಹೊತ್ತು ತೆರೆಯಲಿಲ್ಲ.

"ಕಂಡ್ಲು" ಎಂದಳು ಆಮೇಲೆ. "ನೀ ಹೇಳಿದ್ದ ಖರೆ. ಕಪ್ಪಗದಾಳ."

ಅಷ್ಟರಲ್ಲಿ ಯುದ್ಧದ ದಿನಗಳು ಬಂದಿದ್ದವು. ಪುಸ್ತಕಗಳು ತಡವಾಗಿ ಬರತೊಡಗಿದವು, ಕಾಗದ ಕಂದುಬಣ್ಣಕ್ಕೆ ತಿರುಗಿತು. ಹನ್ನೊಂದನೆಯ ಪುಸ್ತಕದಲ್ಲಿ ತುಂಗಲೇಖೆ ನೀರೊಳಗಿನ ಊರಿನ ಗಂಟೆಯ ಸದ್ದು ಕೇಳುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಕಡೆಯ ಪುಟದಲ್ಲಿ ಒಂದು ಪ್ರಕಟಣೆ ಇತ್ತು. ಕಾಗದ ಸಿಗದ ಕಾರಣ ಹನ್ನೆರಡನೆಯ ಪುಸ್ತಕವನ್ನು ಅಂಗಡಿಗಳಿಗೆ ಕಳಿಸುವುದಿಲ್ಲ. ಹನ್ನೊಂದು ಪಟಗಳನ್ನೂ ಹರಿಯದ ಹಾಗೆ, ಕಲೆಯಾಗದ ಹಾಗೆ ಕಳಿಸಿಕೊಟ್ಟ ಓದುಗರಿಗೆ ಮಾತ್ರ ಅಂಚೆಯಲ್ಲಿ ಕಳಿಸುತ್ತೇವೆ, ಪಟಗಳನ್ನು ಹಿಂದಿರುಗಿಸುವುದಿಲ್ಲ.

ನಾನು ಓದಿ ನಿಲ್ಲಿಸಿದೆ. ಚಿಗವ್ವ ಕಡಾಯಿ ತಿರುವುವುದನ್ನು ನಿಲ್ಲಿಸಿದಳು.

"ಅವ್ರಿಗ್ಯಾಕ ಬೇಕವು? ಅವ್ರ ಹತ್ರ ಅಚ್ಚು ಇರ್ತತೆಲ್ಲ. ಅಚ್ಚು ಇದ್ದಾರು ಕೊಟ್ಟ ಗೊಂಬಿ ಹೊಳ್ಳಿ ಕೇಳ್ತಾರೇನು?"

"ಪುಸ್ತಕ ಬೇಕಂದ್ರ ಕಳಿಸ್ಬೇಕು ಚಿಗವ್ವ."

"ತಡಿ. ಇನ್ನೂ ಎಳಿ ಬಂದಿಲ್ಲ."

ಎಂಟು ದಿನ ತಡೆದೆ. ನನಗೆ ಆ ಊರು ಬೇಕಾಗಿತ್ತು, ಆ ತಾಯಿ ಬೇಕಾಗಿತ್ತು. ಓದುವ ಹುಚ್ಚು ಹತ್ತಿದವರಿಗೆ ಗೊತ್ತು, ಕಡೆಯ ಪುಸ್ತಕ ಸಿಗದಿದ್ದರೆ ಅನ್ನ ಗಂಟಲಿಗೆ ಇಳಿಯುವುದಿಲ್ಲ. ಒಂಬತ್ತನೆಯ ದಿನ ಅವಳ ಹಿತ್ತಲಿಗೆ ಹೋಗುವುದನ್ನು ಬಿಟ್ಟೆ. ಗೋಡೆಯಾಚೆಯಿಂದ ಕರೆದರೆ ತಲೆನೋವು ಎಂದೆ. ಅವಳೇ ಬಂದಾಗ, ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, "ನಿನಗ ಆ ಕಾಗದದ ಚೂರು ದೊಡ್ಡೂವಾಗ್ಯಾವ, ತುಂಗಲೇಖಿ ಅಲ್ಲ" ಎಂದೆ. ಓದು ಬಾರದವಳಿಗೆ ಆ ಹನ್ನೊಂದು ಪಟವೇ ಹನ್ನೊಂದು ಪುಸ್ತಕ ಎಂಬುದು ನನಗೆ ಹೊಳೆಯಲಿಲ್ಲವೋ, ಹೊಳೆದೂ ಬೇಡವೆಂದು ತಳ್ಳಿದೆನೋ.

ಮರುದಿನ ಹತ್ತು ಪಟಗಳನ್ನು ಹೊಸ ರವಿಕೆ ಕಣದಲ್ಲಿ ಸುತ್ತಿಕೊಂಡು ತಂದಳು. "ಗೂಡಿನಾಗಿಂದು ನೀನ ತಗೊಂಡು ಹೋಗು ಮಗಳ. ನನ್ನ ಕೈಲೆ ಆಗಂಗಿಲ್ಲ" ಎಂದಳು.

ಗೂಡಿನಿಂದ ಪಟ ತೆಗೆದರೆ, ಮೂರು ವರ್ಷದ ಕುಂಕುಮ ಹಣೆಯ ಮೇಲೆ ಹೊರೆಯಾಗಿ ಕೂತಿತ್ತು. ಕಲೆಯಾದ ಪಟವನ್ನು ಪ್ರೆಸ್ಸಿನವರು ತೆಗೆದುಕೊಳ್ಳುವುದಿಲ್ಲ. ನಾನು ಅದನ್ನು ನಮ್ಮ ಬಚ್ಚಲಿಗೆ ಒಯ್ದು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಕುಂಕುಮ ಹೋಯಿತು. ಕೆಳಗಿನ ಬಣ್ಣವೂ ಸ್ವಲ್ಪ ಹೋಗಿ ಹಣೆ ಬೋಳು ಬೋಳಾಗಿ ಕಾಣಿಸಿತು. ತಲೆಯೆತ್ತಿದರೆ ಚಿಗವ್ವ ಬಾಗಿಲಲ್ಲಿ ನಿಂತಿದ್ದಳು, ಪಟದ ಗಂಟಿಗೆ ಕಟ್ಟಲು ದಾರ ಹಿಡಿದುಕೊಂಡು.

"ಯಾಕ ಅಳಿಸಿದಿ?"

"ಕಲಿ ಇದ್ರ ತಗೊಳ್ಳಂಗಿಲ್ಲಂತ ಚಿಗವ್ವ."

ಹೆಣ್ಣಿನ ಹಣೆಯ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಯಾವಾಗ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅವಳು ಪಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಒಣಗಲೆಂದು ಬಾಯಿಂದ ಊದಿದಳು. "ನೀರಾಗ ಇರಾಕಿ. ತೊಳ್ದು ಹೋತು, ಬಿಡು" ಎಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ನಿಮ್ಮ ತಾತ ಕಟ್ಟನ್ನು ಅಂಚೆಗೆ ಹಾಕಿ ಬಂದರು. ತಿಂಗಳ ಮೇಲೆ ಹನ್ನೆರಡನೆಯ ಪುಸ್ತಕ ಬಂತು. ತೆಳ್ಳಗಿತ್ತು. ಅದರೊಳಗೆ ಪಟ ಇರಲಿಲ್ಲ.

ಚಿಗವ್ವನ ಒಲೆಯ ಮುಂದೆ ಕೂತು ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿದೆ. ತುಂಗಲೇಖೆ ನೀರೊಳಗಿನ ಊರಿಗೆ ಹೋಗುವುದೇ ಇಲ್ಲ. ದಡದ ಮೇಲೆ ಒಬ್ಬ ರಾಜಕುಮಾರ ಅವಳ ಉಂಗುರ ನೋಡಿ ಗುರುತು ಹಿಡಿಯುತ್ತಾನೆ. ತಾಯಿ ಎಂದೋ ಸತ್ತಿದ್ದಾಳೆಂದು ಒಬ್ಬ ಮಂತ್ರಿ ಬಂದು ಹೇಳುತ್ತಾನೆ. ಮದುವೆಯಾಗುತ್ತದೆ. ಅವಳ ಹರಿಗೋಲಿಗೆ ಚಿನ್ನದ ತಗಡು ಹೊಡೆಸಿ ಅರಮನೆಯ ಗೋಡೆಗೆ ತೂಗುಹಾಕುತ್ತಾರೆ. ಅವಳು ಮತ್ತೆ ಹೊಳೆಗೆ ಇಳಿಯಲಿಲ್ಲ ಎಂದು ಕಡೆಯ ಸಾಲು.

ಓದಿ ಮುಗಿಸಿ ನಾನು ತಲೆ ತಗ್ಗಿಸಿ ಕೂತೆ. ಚಿಗವ್ವ ಕೇಳಿದಳು.

"ಗ್ವಾಡಿಗೆ ತೂಗಿ ಹಾಕಿದ್ರಾ?"

"ಹೂಂ."

"ನಾನೂ ಅದನ್ನ ಮಾಡಿದ್ನೆಲ್ಲ" ಎಂದು ಎದುರಿನ ಗೋಡೆಯನ್ನು ನೋಡಿದಳು.

ಗೋಡೆಯಲ್ಲಿ ಬಿದಿರಿನ ಪಟ್ಟಿ ಖಾಲಿಯಾಗಿತ್ತು. ವರ್ಷಗಟ್ಟಲೆ ಒಲೆಯ ಹೊಗೆ ಹಿಡಿದು ಗೋಡೆ ಕಪ್ಪಾಗಿತ್ತು. ಪಟಗಳಿದ್ದ ಕಡೆ ಮಾತ್ರ ಹತ್ತು ಬೆಳ್ಳನೆಯ ಚೌಕಗಳು ಉಳಿದಿದ್ದವು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿದ್ದೆ. ಆಮೇಲೆಯೂ ಅವಳು ಆ ಗೋಡೆಯ ಮುಂದೆ ನಿಂತು ಕಥೆ ಹೇಳಿಕೊಳ್ಳುವುದನ್ನು ನಾನು ಕೇಳುತ್ತಿದ್ದೆ. ಬೆಳ್ಳನೆಯ ಚೌಕಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು. ಮೊದಲನೆಯದಕ್ಕೆ ಗೂಡಿನ ಕಡೆ ಕೈ ತೋರಿಸುತ್ತಿದ್ದಳು. ಹನ್ನೊಂದಕ್ಕೆ, ಗಂಟೆಯ ಸದ್ದು ಕೇಳುವಲ್ಲಿಗೆ, ನಿಲ್ಲಿಸುತ್ತಿದ್ದಳು. ಹನ್ನೆರಡನೆಯದನ್ನು ಯಾವತ್ತೂ ಹೇಳಲಿಲ್ಲ. ಡಬ್ಬಿಯನ್ನು ನನಗೆ ಕೊಟ್ಟುಬಿಟ್ಟಳು. "ಪಟಾನ ಇಲ್ಲ, ಬರೇ ಡಬ್ಬಿ ತಗೊಂಡು ನಾ ಏನ್ ಮಾಡ್ಲಿ, ಸೂಜಿಗೀಜಿ ಹಾಕ್ಕೊ" ಎಂದಳು. ನನ್ನ ಗುಂಡು ಕನ್ನಡಿಯನ್ನೂ ಅದರಲ್ಲೇ ಹಾಕಿ ಮುಚ್ಚಿದೆ.

ಎರಡು ವರ್ಷದ ಮೇಲೆ ನಿಮ್ಮ ತಾತನಿಗೆ ಜ್ವರ ಬಂತು. ಒಂಬತ್ತು ದಿನ ಇತ್ತು. ನಿಮ್ಮ ಅಪ್ಪ ಆಗ ಇನ್ನೂ ಅಂಬೆಗಾಲಿನ ಕೂಸು. ಆ ದಿನಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಹೆಂಗಸರು ನನ್ನನ್ನು ಅಂಗಳದಲ್ಲಿ ಕೂರಿಸಿ, ಒದ್ದೆ ಬಟ್ಟೆಯನ್ನು ನನ್ನ ಹಣೆಗೆ ತಂದರು. ಅದು ತಣ್ಣಗೆ ತಾಗಿದಾಗ ನನಗೆ ನೆನಪಾದದ್ದು ಬಚ್ಚಲು, ನನ್ನ ಕೈ, ಆ ಪಟ. ನಾನು ಮಾಡಿದ್ದೇ ನನಗೆ ಬಂತು ಎಂದು ಒಳಗೆ ಕೂತುಬಿಟ್ಟಿತು. ಯಾರಿಗೂ ಹೇಳಲಿಲ್ಲ. ಚಿಗವ್ವ ದಿನಾ ಬಂದು ಕೂತು ಹೋಗುತ್ತಿದ್ದಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ.

ಗೌರಿ ಹುಣ್ಣಿಮೆ ಬಂತು. ಸಕ್ಕರೆಗೆ ಆಗ ರೇಷನ್ ಚೀಟಿ, ಅವರ ದೊಡ್ಡ ಕಡಾಯಿ ಬೋರಲು ಬಿದ್ದಿತ್ತು. ಆ ವರ್ಷ ಓಣಿಯ ಹುಡುಗಿಯರು ಬೆಲ್ಲದ ಅಚ್ಚಿನಿಂದಲೇ ಆರತಿ ಬೆಳಗಿದರು. ನಾನು ಹೊರಗೆ ಬರಲಿಲ್ಲ. ನನ್ನಂಥವರು ಆ ಹಬ್ಬದ ಎದುರಿಗೆ ಬರುವಂತಿರಲಿಲ್ಲ. ಮರುದಿನ ಉಂಡ ಹೊತ್ತಿಗೆ ಹಿತ್ತಲ ಬಾಗಿಲ ಹತ್ತಿರ ದನಿ ಕೇಳಿತು.

"ಬಾಗಲಾ ತಗಿ. ಕೈಯಾಗ ತಟ್ಟಿ ಐತಿ."

ಅತ್ತೆ ಮೂಲೆಯಿಂದ ತಲೆಯೆತ್ತಿ, "ಗೌರಿ ಸಕ್ರಿ ನಮ್ಮನಿಗೆ ತರಬ್ಯಾಡ್ರಿ, ನಿಮಗ ಗೊತ್ತಿಲ್ಲೇನು?" ಎಂದರು.

"ಇದು ಗೌರಿ ಅಲ್ಲ ಯಕ್ಕ" ಎಂದು ಚಿಗವ್ವ ನನ್ನ ಮುಂದೆ ಕೂತು ಬಟ್ಟೆ ಸರಿಸಿದಳು.

ತಟ್ಟೆಯಲ್ಲಿ ಒಂದೇ ಗೊಂಬೆ. ತಿಂಗಳ ಸಕ್ಕರೆಯೆಲ್ಲ ಅದಕ್ಕೇ ಹೋಗಿರಬೇಕು. ಬುಟ್ಟಿಯ ಅಚ್ಚಿನಲ್ಲಿ ಹರಿಗೋಲು ಹೊಯ್ದಿದ್ದಳು. ಗೌರಿಯ ಅಚ್ಚಿನಲ್ಲಿ ಹೊಯ್ದು ಸೊಂಟದವರೆಗೆ ಕತ್ತರಿಸಿದ ಹುಡುಗಿಯನ್ನು ಬಿಸಿ ಪಾಕ ಬಿಟ್ಟು ಅದರೊಳಗೆ ಕೂರಿಸಿದ್ದಳು. ಕೊರಳ ಬಂಗಾರವನ್ನೆಲ್ಲ ಬಿಸಿ ಸೂಜಿಯಿಂದ ಹೆರೆದು ತೆಗೆದಿದ್ದಳು. ಕೈಗೆ ಕಡ್ಡಿಯಂಥ ಸಕ್ಕರೆಯ ಹುಟ್ಟು. ಹಣೆಯ ಮೇಲೆ, ಗೊಂಬೆಗೆ ಹಾಕುವ ಕೆಂಪು ಬಣ್ಣದಲ್ಲಿ, ಒಂದು ಬೊಟ್ಟು.

ಅದನ್ನು ನೋಡಿದ್ದೇ ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತು. "ನಾನ ಅಳಿಸಿದೆ ಚಿಗವ್ವ. ಅದಕ್ಕ ಹಿಂಗಾತು. ಅವತ್ತು ನಾನ ಅಳಿಸಿದೆ."

ಅವಳು ನನ್ನನ್ನು ನೋಡಿದಳು. ನನ್ನ ಮನಸ್ಸಿನಲ್ಲಿ ಇಷ್ಟು ದಿನ ಏನಿತ್ತೆಂದು ಅವಳಿಗೆ ಆಗ ತಿಳಿಯಿತು.

"ಹುಚ್ಚಿ" ಎಂದಳು. "ಪಟ ಯಾರ್ದು?"

ಅವಳೇ ಬೆರಳು ಮಡಿಸುತ್ತ ಎಣಿಸಿದಳು.

"ಪಟ ನಂದು. ಗೂಡು ನಂದು. ಕುಂಕುಮ ನಂದು. ದೋಷ ಬರೋದಾದ್ರ ನಮ್ಮನಿಗೆ ಬರ್ಬೇಕಿತ್ತು, ನಿಮ್ಮನಿಗ್ಯಾಕ ಬರ್ತತಿ? ನಮ್ಮ ಮುದುಕ ನೋಡು, ಉಂಡು ಗೊರಕಿ ಹೊಡಿಯಾಕತ್ತಾನ. ಇಲ್ಲೀತನಕ ಕೇಳ್ತತಿ."

ನಿಜವಾಗಿಯೂ ಕೇಳುತ್ತಿತ್ತು. ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು. ನಗುತ್ತಲೇ ಅತ್ತುಬಿಟ್ಟೆ. ಅವಳು ಹರಿಗೋಲಿನ ಅಂಚು ಮುರಿದು ನಿಮ್ಮ ಅಪ್ಪನ ಕೈಗೆ ಕೊಟ್ಟಳು, ಉಳಿದದ್ದನ್ನು ನನ್ನ ಕಡೆ ತಳ್ಳಿದಳು.

"ತಿನ್ನು."

"ಇಟ್ಕೊಂತೀನಿ ಚಿಗವ್ವ. ಡಬ್ಬ್ಯಾಗ."

"ಬ್ಯಾಡ. ಇಟ್ಕೊಂಡು ನೋಡಿವಿ, ಇಬ್ರೂ. ಇದನ್ನ ತಿನ್ನು. ತಿಂದದ್ದನ್ನ ಯಾರೂ ಅಳಸಾಕ ಬರಂಗಿಲ್ಲ."

ನಾನು ಹುಟ್ಟು ತಿಂದೆ, ಕೈ ತಿಂದೆ, ಹರಿಗೋಲನ್ನು ತಿಂದೆ. ಅವಳು ಎದ್ದು ಹೋಗಲಿಲ್ಲ, ಪಾಕದ ಮುಂದೆ ಕೂತ ಹಾಗೆ ಕೂತಿದ್ದಳು. ಕಡೆಗೆ ಆ ಹುಡುಗಿಯ ಮುಖವನ್ನು ಬಾಯಲ್ಲಿಟ್ಟುಕೊಂಡೆ. ಕಚ್ಚಲು ಮನಸ್ಸಾಗಲಿಲ್ಲ. ಅದು ತಾನಾಗಿ ಕರಗುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಮೊದಲು ಅವಳು ಬೆಳ್ಳಗಿದ್ದಳು, ಆಮೇಲೆ ಕಪ್ಪಗಾದಳು, ಆಮೇಲೆ ಬರೀ ಹೊಳೆ.

"ನಾಲಿಗಿ ತೋರ್ಸು" ಎಂದಳು ಚಿಗವ್ವ.

ಜನರೆದುರು ಹಲ್ಲು ಬಿಟ್ಟು ನಕ್ಕವಳಲ್ಲ ನಾನು. ಆದರೂ ಕೂಸಿನ ಹಾಗೆ ನಾಲಗೆ ಚಾಚಿದೆ. ಅವಳು ನಮ್ಮ ಗೋಡೆಯ ಗೂಡಿನಲ್ಲಿದ್ದ ಡಬ್ಬಿ ತೆರೆದು, ಕನ್ನಡಿ ಇದೆಯೇನೋ ಎಂದು ಸೂಜಿಗಳ ನಡುವೆ ಕೈಯಾಡಿಸಿದಳು. ನಾನು ಬಚ್ಚಿಟ್ಟಿದ್ದ ಗುಂಡು ಕನ್ನಡಿ ಸಿಕ್ಕಿತು. ಹಿಂಬದಿಯ ಚಿತ್ರ ನೋಡಿ, "ನಿನ್ನ ಹತ್ರಾನೂ ಒಬ್ಬಾಕಿ ಇದ್ಲೇನು ಕಳ್ಳಿ?" ಎಂದು, ಅದನ್ನು ನನ್ನ ಮುಖದ ಮುಂದೆ ಹಿಡಿದಳು.

ಹಣೆ ಬರಿದಾಗಿತ್ತು. ನಾಲಗೆಯ ಮೇಲೆ ಕೆಂಪು ಬೊಟ್ಟು ಮೂಡಿತ್ತು.

ಚಿಗವ್ವ ಎರಡು ಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ಅಗಲಿಸಿದಳು.